ಹಿಮದ ಇಳಿಜಾರಿನಲ್ಲಿ ಏಳು ಮಂದಿ

ಕನ್ನಡದಲ್ಲಿ 'ಮಂಜು' ಎಂಬ ಒಂದೇ ಮಾತು ಎಷ್ಟೊಂದು ದುಡಿಯುತ್ತದೆ ಎಂಬುದನ್ನು ಓದುಗರು ಗಮನಿಸಿರಬಹುದು. ಮಡಿಕೇರಿಯ ಬೆಳಗನ್ನು ಮುಸುಕುವುದೂ ಮಂಜು, ಧನುರ್ಮಾಸದಲ್ಲಿ ಹುಲ್ಲಿನ ತುದಿಯಲ್ಲಿ ಹನಿಯಾಗಿ ನಿಲ್ಲುವುದೂ ಮಂಜು, ಕ್ಯಾಲೆಂಡರಿನ ಕೈಲಾಸದ ಮೇಲೆ ಚಿತ್ರಕಾರ ಬಳಿಯುವ ಬಿಳಿಯ ಬಣ್ಣವೂ ಮಂಜು. ಹಿಮವನ್ನೇ ಕಾಣದ ನಾಡಿನ ಭಾಷೆ ಅದಕ್ಕೆ ಹತ್ತು ಹೆಸರು ಇಟ್ಟುಕೊಳ್ಳಬೇಕೆಂದೇನೂ ಇಲ್ಲ. ಆದರೆ ಪತ್ರಿಕೆಗಳಲ್ಲಿ ಬರುವ 'ಹಿಮಪಾತ' ಎಂಬ ಪದದ ಬಗೆಗೆ ನನಗೆ ಬಹಳ ಕಾಲದಿಂದ ಒಂದು ತಕರಾರಿದೆ. ಶಿಮ್ಲಾದಲ್ಲಿ ಹೂವಿನಂತೆ ಹಿಮ ಉದುರಿ ಪ್ರವಾಸಿಗರು ಕುಣಿದಾಡಿದರೆ ಅದೂ ಹಿಮಪಾತ. ಬೆಟ್ಟದ ಪಕ್ಕೆಯೇ ಕಳಚಿ ಬಂದು ಯೋಧರನ್ನು ಹೂತುಹಾಕಿದರೆ ಅದೂ ಹಿಮಪಾತ! ಈ ಲೇಖನದಲ್ಲಿ ಮೊದಲನೆಯದನ್ನು ಹಿಮಪಾತವೆಂದೂ ಎರಡನೆಯದನ್ನು ಹಿಮಕುಸಿತವೆಂದೂ ಕರೆಯುತ್ತೇನೆ. ಇವೆರಡರ ನಡುವೆ ಇರುವ ಸಂಬಂಧವನ್ನು ಅರಿಯಲು ಮನುಷ್ಯನಿಗೆ ಎಷ್ಟು ಕಾಲ ಹಿಡಿಯಿತು, ಆ ಅರಿವಿನ ಬೆಲೆಯನ್ನು ಯಾರು ತೆತ್ತರು ಎಂಬುದೇ ಇಲ್ಲಿಯ ವಿಷಯ.

1922ನೆಯ ಇಸವಿಯ ಜೂನ್ 7ರಿಂದ ಪ್ರಾರಂಭಿಸುವುದು ಸೂಕ್ತ. ಎವರೆಸ್ಟ್ ಶಿಖರವನ್ನು ಏರುವ ಉದ್ದೇಶದಿಂದಲೇ ಹೊರಟ ಪ್ರಥಮ ಬ್ರಿಟಿಷ್ ತಂಡ ಆಗ ಟಿಬೆಟ್ಟಿನ ಕಡೆಯಲ್ಲಿ ಬೀಡುಬಿಟ್ಟಿತ್ತು. ತಂಡದ ನಾಯಕ ಜನರಲ್ ಚಾರ್ಲ್ಸ್ ಬ್ರೂಸ್. ಮೇ ತಿಂಗಳಲ್ಲಿ ಎರಡು ಪ್ರಯತ್ನಗಳು ನಡೆದಿದ್ದವು. ಮೊದಲನೆಯದರಲ್ಲಿ ಮ್ಯಾಲೊರಿ, ನಾರ್ಟನ್, ಸಾಮರ್‌ವೆಲ್ ಆಮ್ಲಜನಕದ ನೆರವಿಲ್ಲದೆ ಸುಮಾರು 27,000 ಅಡಿಯವರೆಗೂ, ಎರಡನೆಯದರಲ್ಲಿ ಫಿಂಚ್ ಮತ್ತು ಜೆಫ್ರಿ ಬ್ರೂಸ್ ಆಮ್ಲಜನಕದೊಂದಿಗೆ ಸುಮಾರು 27,300 ಅಡಿಯವರೆಗೂ ಹೋಗಿ ಬಂದಿದ್ದರು. ಅಷ್ಟು ಎತ್ತರಕ್ಕೆ ಅದುವರೆಗೆ ಮನುಷ್ಯರು ನಡೆದು ಹೋದದ್ದೇ ಇರಲಿಲ್ಲ. ಅಲ್ಲಿಗೇ ನಿಲ್ಲಿಸಿ ಊರಿಗೆ ಮರಳಿದ್ದರೂ ಗೌರವಕ್ಕೆ ಕೊರತೆಯಾಗುತ್ತಿರಲಿಲ್ಲ. ಆದರೆ ಮಳೆಗಾಲ ಕಟ್ಟೇರುವ ಮೊದಲು ಮತ್ತೊಂದು ಸಲ ನೋಡೋಣ ಎಂಬ ಆಸೆ ಅವರನ್ನು ಬಿಡಲಿಲ್ಲ.

ಜೂನ್ 3ರಂದು ಹೊರಟವರನ್ನು ಹಿಮಪಾತ ದಾರಿಯಲ್ಲೇ ತಡೆಯಿತು. 5ರಂದು ಮೂರನೆಯ ಶಿಬಿರ ಸೇರಿದರು. 6ರಂದು ಆಕಾಶ ತಿಳಿಯಾಗಿ ಬಿಸಿಲು ಕಾಯಿತು. ಒಂದು ದಿನದ ಬಿಸಿಲಿಗೆ ಹೊಸ ಹಿಮ ಇಳಿದು ಗಟ್ಟಿಯಾಗಿರುತ್ತದೆ ಎಂದು ಲೆಕ್ಕಹಾಕಿ 7ರ ಬೆಳಿಗ್ಗೆ ಮ್ಯಾಲೊರಿ, ಸಾಮರ್‌ವೆಲ್, ಕ್ರಾಫರ್ಡ್ ಎಂಬ ಮೂವರು ಆಂಗ್ಲರೂ ಹೊರೆ ಹೊತ್ತ ಹದಿನಾಲ್ಕು ಮಂದಿ ಹಮಾಲರೂ ನಾರ್ತ್ ಕೋಲ್ ಎಂಬ ಕಣಿವೆಬಾಯಿಯ ಕಡೆಗೆ ಏರತೊಡಗಿದರು. ಇದು ಸುಮಾರು 23,000 ಅಡಿ ಎತ್ತರದಲ್ಲಿ ಎರಡು ಶಿಖರಗಳ ನಡುವೆ ಕುದುರೆಯ ಜೀನಿನಂತೆ ತಗ್ಗಿರುವ ಸ್ಥಳ. ಅಲ್ಲಿಗೆ ಏರುವ ಇಳಿಜಾರು ಅವರಿಗೆ ಅಪರಿಚಿತವೇನಲ್ಲ. ಮೇ ತಿಂಗಳಲ್ಲಿ ಹಲವು ಬಾರಿ ಹತ್ತಿ ಇಳಿದಿದ್ದರು. ಆದರೆ ಆಗ ಕಾಲಿಗೆ ಸಿಗುತ್ತಿದ್ದುದು ಗಟ್ಟಿ ಮಂಜುಗಡ್ಡೆ. ಈಗ ಮೊಳಕಾಲುದ್ದದ ಹೊಸ ಹಿಮ.

ಅವರು ಕುರುಡಾಗಿ ಹೋಗಲಿಲ್ಲ ಎಂಬುದನ್ನು ಹೇಳಲೇಬೇಕು. ಕೆಳಗಿನ ಕಡಿದಾದ ಭಾಗದಲ್ಲಿ ಹಿಮವನ್ನು ತುಳಿದು ಪರೀಕ್ಷಿಸಿದರು. ಜಾರುವುದಾದರೆ ಇಲ್ಲೇ ಜಾರಬೇಕು ಎಂಬುದು ಅವರ ತರ್ಕ. ಜಾರಲಿಲ್ಲ. ಧೈರ್ಯ ಬಂತು. ಮುಂದಿನ ಹಗ್ಗದಲ್ಲಿ ಮೂವರು ಆಂಗ್ಲರೂ ಒಬ್ಬ ಹಮಾಲನೂ, ಹಿಂದಿನ ಮೂರು ಹಗ್ಗಗಳಲ್ಲಿ ಉಳಿದವರೂ ಸಾಲಾಗಿ ಏರುತ್ತಿದ್ದರು. ಮಧ್ಯಾಹ್ನ ಒಂದೂವರೆ ಎರಡರ ಸುಮಾರಿಗೆ, ಕೋಲ್ ಇನ್ನು ಆರುನೂರು ಅಡಿಯಷ್ಟೇ ಇದೆ ಎನ್ನುವಾಗ ಸಿಡಿಮದ್ದು ಸಿಡಿದಂಥ ಸದ್ದಾಯಿತು. ಇಳಿಜಾರಿನ ಮೇಲ್ಮೈ ಬಿರುಕುಬಿಟ್ಟು ಇಡಿಯಾಗಿ ಕೆಳಗೆ ಸರಿಯಿತು. ಮೊದಲ ಹಗ್ಗದವರು ಸ್ವಲ್ಪ ದೂರ ಎಳೆಯಲ್ಪಟ್ಟು ತಾವೇ ಬಿಡಿಸಿಕೊಂಡು ಎದ್ದರು. ಅವರ ಹಿಂದಿನವರೂ ಬದುಕಿದರು. ಕೊನೆಯ ಎರಡು ಹಗ್ಗಗಳ ಒಂಬತ್ತು ಮಂದಿ ಮಂಜುಗಡ್ಡೆಯ ಗೋಡೆಯಿಂದ ಕೆಳಗಿನ ಬಿರುಕಿಗೆ ಬಿದ್ದರು. ಅವರ ಮೇಲೆ ಹಿಮ ಬಂದು ತುಂಬಿಕೊಂಡಿತು. ಕೈಯಿಂದ, ಕೊಡಲಿಯಿಂದ ಅಗೆದು ಇಬ್ಬರನ್ನು ಜೀವಸಹಿತ ಹೊರಗೆಳೆದರು. ಏಳು ಮಂದಿ ಸತ್ತರು. ಎವರೆಸ್ಟ್ ಏರುವ ಯತ್ನದಲ್ಲಿ ದಾಖಲಾದ ಮೊದಲ ಸಾವುಗಳು ಇವೇ. ಶವಗಳನ್ನು ಅಲ್ಲಿಯೇ ಬಿಡಬೇಕೆಂದು ಅವರ ಸಂಗಡಿಗರೇ ಕೇಳಿಕೊಂಡರಂತೆ. ಮೂರನೆಯ ಶಿಬಿರದಲ್ಲಿ ಕಲ್ಲು ಪೇರಿಸಿ ಒಂದು ಸ್ಮಾರಕ ಮಾಡಿದರು.

ಒಂದು ವಿಷಯವನ್ನು ಗಮನಿಸಬೇಕು. ಸತ್ತ ಏಳು ಮಂದಿಯೂ ಹೊರೆ ಹೊರುವವರು. ಶಿಖರ ಏರಿ ಹೆಸರು ಮಾಡಬೇಕೆಂಬ ಹಂಬಲ ಅವರದಾಗಿರಲಿಲ್ಲ; ದಿನಗೂಲಿಗೆ ಬಂದವರು. ಆ ದಿನ ಏರಬೇಕೋ ಬೇಡವೋ ಎಂಬ ಮಾತುಕತೆಯಲ್ಲಿ ಅವರಿಗೆ ಪಾಲಿರಲಿಲ್ಲ. 1905ರಲ್ಲಿ ಗುರ್ಲಾ ಮಾಂಧಾತಾ ಪರ್ವತದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಬದುಕಿ ಬಂದಿದ್ದ ಡಾಕ್ಟರ್ ಲಾಂಗ್‌ಸ್ಟಾಫ್ ಅದೇ ತಂಡದಲ್ಲಿದ್ದರು. ಜೂರಿಕ್‌ನಲ್ಲಿ ಓದಿ ಆಲ್ಪ್ಸ್‌ನಲ್ಲಿ ಪಳಗಿದ್ದ ಫಿಂಚ್ ಕೂಡ ಇದ್ದರು. ಆದರೆ ಆ ಬೆಳಿಗ್ಗೆ ಇಬ್ಬರೂ ಮೇಲಿನ ಶಿಬಿರದಲ್ಲಿರಲಿಲ್ಲ. ಮ್ಯಾಲೊರಿ ತನ್ನ ಪತ್ರಗಳಲ್ಲಿ ಹೊಣೆಯನ್ನು ತನ್ನ ತಲೆಯ ಮೇಲೆಯೇ ಹೊತ್ತುಕೊಂಡ. ಸಾಮರ್‌ವೆಲ್ ಅನೇಕ ವರ್ಷಗಳ ಬಳಿಕ ಬರೆದ ಪುಸ್ತಕದಲ್ಲಿ, ಸತ್ತವರಲ್ಲಿ ನಮ್ಮವನೊಬ್ಬನಾದರೂ ಇದ್ದಿದ್ದರೆ ಆಗುತ್ತಿತ್ತು ಎಂಬ ಅರ್ಥದ ಮಾತು ಬರುತ್ತದೆ. ಅಪಾಯವನ್ನು ನಾವೂ ಹಂಚಿಕೊಂಡಿದ್ದೆವು ಎಂದು ಆ ಹಮಾಲರ ಬಂಧುಗಳಿಗೆ ತೋರಿಸಲಿಕ್ಕಾದರೂ ಎಂಬುದು ಅವರ ಅಳಲು. 1924ರಲ್ಲಿ ಶಮೋನಿಯ ಚಳಿಗಾಲದ ಕ್ರೀಡಾಕೂಟದಲ್ಲಿ ಈ ತಂಡಕ್ಕೆ ಪರ್ವತಾರೋಹಣದ ಒಲಿಂಪಿಕ್ ಪದಕ ದೊರೆಯಿತು. ಮಡಿದ ಏಳು ಮಂದಿಯನ್ನೂ ಆ ಗೌರವಕ್ಕೆ ಸೇರಿಸಲಾಯಿತು.

ಹಾಗಾದರೆ ಆ ದಿನ ಅವರಿಗೆ ತಿಳಿಯದೇ ಹೋದದ್ದಾದರೂ ಏನು? ಹಿಮದ ಬಗ್ಗೆ ಯುರೋಪಿನವರಿಗೆ ಏನೂ ಗೊತ್ತಿರಲಿಲ್ಲವೆಂದಲ್ಲ. ಕ್ರಿ.ಪೂ. 218ರಲ್ಲಿ ಹ್ಯಾನಿಬಾಲ್ ಆನೆಗಳೊಂದಿಗೆ ಆಲ್ಪ್ಸ್ ದಾಟಿದ ಕಥೆಯನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಹೇಳುವಾಗ ನಾನು ಆನೆಗಳ ಬಗ್ಗೆಯೇ ಹೆಚ್ಚು ಹೇಳುತ್ತಿದ್ದೆ. ಮಕ್ಕಳಿಗೂ ಅದೇ ಇಷ್ಟ. ಆದರೆ ಪಾಲಿಬಿಯಸ್ ಎಂಬ ಗ್ರೀಕ್ ಇತಿಹಾಸಕಾರ ಅಲ್ಲಿ ಇನ್ನೊಂದು ಸೂಕ್ಷ್ಮವನ್ನು ದಾಖಲಿಸಿದ್ದಾನೆ. ಹಿಂದಿನ ಚಳಿಗಾಲದ ಹಳೆಯ ಗಟ್ಟಿ ಹಿಮದ ಮೇಲೆ ಆ ವರ್ಷದ ಹೊಸ ಮೆದು ಹಿಮ ಕೂತಿತ್ತು. ಸೈನಿಕರ ಕಾಲು ಮೇಲಿನ ಪದರವನ್ನು ತೂರಿ ಕೆಳಗಿನ ಗಟ್ಟಿ ಪದರ ಮುಟ್ಟಿದಾಗ ಎರಡೂ ಕಾಲು ಜಾರಿ ಬೀಳುತ್ತಿದ್ದರು ಎನ್ನುತ್ತಾನೆ. ಹಿಮವೆಂದರೆ ಒಂದೇ ರಾಶಿಯಲ್ಲ, ಪದರ ಪದರವಾಗಿ ಕುಳಿತಿರುವ ವಸ್ತು ಎಂಬ ಅರಿವು ಅಷ್ಟು ಹಳೆಯದು. ಆದರೆ ಅದನ್ನು ಕ್ರಮವಾಗಿ ಪರಿಶೀಲಿಸುವವರು ಎರಡು ಸಾವಿರ ವರ್ಷಗಳ ಮೇಲೆ ಬಂದರು. ಸ್ವಿಟ್ಜರ್ಲೆಂಡಿನ ಅರಣ್ಯಾಧಿಕಾರಿ ಯೋಹಾನ್ ಕೋಆಟ್ಸ್ ತನ್ನ ದೇಶದ ಹಿಮಕುಸಿತಗಳನ್ನು ಕುರಿತ ಪುಸ್ತಕವನ್ನು 1881ರಲ್ಲಿ ಹೊರತಂದ. ಅದು ಕಣಿವೆಯ ಹಳ್ಳಿಗಳನ್ನೂ ಕಾಡನ್ನೂ ಕಾಯುವವನ ಕಾಳಜಿ. ಬೆಟ್ಟ ಏರುವವನ ಹಿಮಜ್ಞಾನವಾದರೋ ಬಾಯಿಮಾತಿನದು: ಹೊಸ ಹಿಮ ಬಿದ್ದರೆ ಒಂದೆರಡು ದಿನ ಕಾಯಿರಿ, ಬಿಸಿಲಿಗೆ ಅದು ಕುಳಿತುಕೊಳ್ಳುತ್ತದೆ. ಆಲ್ಪ್ಸ್‌ನಲ್ಲಿ ಹತ್ತು ಹನ್ನೆರಡು ಸಾವಿರ ಅಡಿಯಲ್ಲಿ ಬಹುಮಟ್ಟಿಗೆ ನಡೆಯುವ ಈ ಸೂತ್ರವನ್ನು ಮ್ಯಾಲೊರಿಯ ತಂಡ ಇಪ್ಪತ್ತೆರಡು ಸಾವಿರ ಅಡಿಗೆ ಹೊತ್ತು ತಂದಿತ್ತು.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳದೆ ಗತ್ಯಂತರವಿಲ್ಲ. ಕಣದಲ್ಲಿ ಒಣ ರಾಗಿಯನ್ನು ತೆಳುವಾಗಿ ಹರಡಿ ಅದರ ಮೇಲೊಂದು ಅಗಲವಾದ ಹಲಗೆ ಇಟ್ಟಿದ್ದೇವೆ ಎಂದು ಭಾವಿಸಿ. ನೆಲ ಸಮನಾಗಿದ್ದರೆ ಹಲಗೆ ಸುಮ್ಮನೆ ಇರುತ್ತದೆ. ನೆಲವನ್ನು ಓರೆ ಮಾಡಿದರೆ ಹಲಗೆ ಇಡಿಯಾಗಿ ಜಾರುತ್ತದೆ. ಮೇಲಿನ ಹಲಗೆ ಎಷ್ಟು ಗಟ್ಟಿ ಎಂಬುದಲ್ಲ ಪ್ರಶ್ನೆ. ಅಡಿಯಲ್ಲಿ ರಾಗಿ ಇದೆಯೇ ಎಂಬುದು. ಹಿಮದಲ್ಲಿಯೂ ಹಾಗೆಯೇ. ಗಾಳಿ ಒಂದು ಪಕ್ಕದ ಹಿಮವನ್ನು ಹೊತ್ತು ಇನ್ನೊಂದು ಪಕ್ಕಕ್ಕೆ ಸುರಿದು, ಒತ್ತಿ, ಹಲಗೆಯಂತೆ ಕೂರಿಸುತ್ತದೆ. ಅದರ ಅಡಿಯಲ್ಲಿ ಬಲಹೀನವಾದೊಂದು ಪದರ ಹುದುಗಿರುತ್ತದೆ. ನೆಲದ ಕಡೆ ಬೆಚ್ಚಗೂ ಮೇಲ್ಮೈಯಲ್ಲಿ ಕೊರೆಯುವ ಚಳಿಯೂ ಇದ್ದು, ಒಂದು ಮೀಟರ್ ಆಳಕ್ಕೆ ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ವ್ಯತ್ಯಾಸವಾದರೆ ಒಳಗಿನ ಹಿಮದ ಹರಳುಗಳು ಒಂದಕ್ಕೊಂದು ಅಂಟಿಕೊಳ್ಳದೆ ದಪ್ಪ ಸಕ್ಕರೆಯಂತೆ ಬಿಡಿಬಿಡಿಯಾಗುತ್ತವೆ. ಇನ್ನು ಕೆಲವೊಮ್ಮೆ ತಿಳಿಯಾದ ರಾತ್ರಿಯಲ್ಲಿ ಹಿಮದ ಮೇಲ್ಮೈಯಲ್ಲಿ ಗರಿಯಂಥ ಹರಳುಗಳು ಬೆಳೆಯುತ್ತವೆ. ನೋಡಲು ಬಹಳ ಚೆಂದ. ಆದರೆ ಅದರ ಮೇಲೆ ಮುಂದಿನ ಹಿಮ ಬಿದ್ದು ಮುಚ್ಚಿಕೊಂಡರೆ ಆ ಚೆಂದವೇ ರಾಗಿಯ ಪದರವಾಗಿ ವಾರಗಟ್ಟಲೆ ಕಾಯುತ್ತದೆ. ಮೂವತ್ತರಿಂದ ನಲವತ್ತೈದು ಡಿಗ್ರಿಯ ಇಳಿಜಾರು ಇಂಥ ಕುಸಿತಕ್ಕೆ ಹೇಳಿ ಮಾಡಿಸಿದ್ದು. ಮೂವತ್ತು ಡಿಗ್ರಿ ಎಂದರೆ ದೊಡ್ಡ ಕಡಿದು ಎಂದೇನೂ ಭಾವಿಸಬೇಡಿ. ನಮ್ಮ ಮನೆಯ ಮಹಡಿಗೆ ಹತ್ತುವ ಮೆಟ್ಟಿಲಿನ ಓರೆ ಹೆಚ್ಚುಕಡಿಮೆ ಅಷ್ಟೇ.

ಈ ಕಣ್ಣಿನಿಂದ 1922ನ್ನು ನೋಡಿದರೆ ಹಲವು ಸಂಗತಿಗಳು ಬಿಡಿಸಿಕೊಳ್ಳುತ್ತವೆ. ನಾರ್ತ್ ಕೋಲ್‌ಗೆ ಏರುವ ಆ ಇಳಿಜಾರು ಪೂರ್ವದ ಕಡೆಗೆ ಮುಖಮಾಡಿದೆ. ಎವರೆಸ್ಟ್‌ನ ಮೇಲೆ ಬೀಸುವ ಗಾಳಿ ಮುಖ್ಯವಾಗಿ ಪಡುವಣದ್ದು. ಅಂದರೆ ಗಾಳಿ ಹೊತ್ತು ತಂದ ಹಿಮವೆಲ್ಲ ಬಂದು ಸುರಿಯುವ ಮರೆಯ ಪಕ್ಕ ಅದು. ಅಡಿಯಲ್ಲಿ ಮೇ ತಿಂಗಳ ನುಣುಪಾದ ಮಂಜುಗಡ್ಡೆ. ಅಂಥ ಎತ್ತರದ ಚಳಿಯಲ್ಲಿ ಹಿಮ ಬೆಸೆದುಕೊಳ್ಳಲು ಒಂದು ದಿನದ ಬಿಸಿಲು ಸಾಕಾಗುವುದಿಲ್ಲ. ಕೆಳಗಿನ ಭಾಗ ತುಳಿದಾಗ ಜಾರಲಿಲ್ಲವೆಂಬುದು ಮೇಲಿನ ಭಾಗಕ್ಕೆ ಸಾಕ್ಷಿಯಾಗಲಾರದು. ಪದರದ ಬಲ ಹತ್ತು ಮಾರಿಗೊಮ್ಮೆ ಬದಲಾಗಬಹುದು. 1936ರಲ್ಲಿ ಎರಿಕ್ ಶಿಪ್ಟನ್ ಮತ್ತು ವಿನ್ ಹ್ಯಾರಿಸ್ ಕೂಡ ಅದೇ ಇಳಿಜಾರಿನಲ್ಲಿ ಹಿಮದ ಹಲಗೆ ಮುರಿದು ಕೆಳಗೆ ಜಾರಿದರು. ಅದೃಷ್ಟ ಅವರ ಕಡೆಗಿತ್ತು.

ಇದಕ್ಕೂ ಮುಂಚೆ, 1924ರ ಮೇ ತಿಂಗಳಲ್ಲಿ, ಅದೇ ಜಾಗದಲ್ಲಿ ನಡೆದ ಒಂದು ಘಟನೆಯನ್ನು ಹೇಳದೆ ಮುಂದೆ ಹೋಗಲಾರೆ. ಎವರೆಸ್ಟ್ ಎಂದರೆ ಆ ವರ್ಷದ ಮ್ಯಾಲೊರಿ ಮತ್ತು ಅರ್ವಿನ್ ಕಣ್ಮರೆಯನ್ನೇ ಎಲ್ಲರೂ ನೆನೆಯುತ್ತಾರೆ. ನನಗೆ ಅದಕ್ಕಿಂತ ಇದು ದೊಡ್ಡದೆನಿಸುತ್ತದೆ. ಬಿರುಗಾಳಿ, ಹಿಮಪಾತಗಳ ನಡುವೆ ನಾರ್ತ್ ಕೋಲ್‌ನ ಶಿಬಿರದಲ್ಲಿ ನಾಲ್ವರು ಹಮಾಲರು ಸಿಕ್ಕಿಕೊಂಡಿದ್ದರು. ಹೊಸ ಹಿಮ ತುಂಬಿದ ಇಳಿಜಾರು ಇಳಿಯಲು ಅವರಿಗೆ ಧೈರ್ಯ ಸಾಲದು. ನಾಯಕನ ಸ್ಥಾನದಲ್ಲಿದ್ದ ನಾರ್ಟನ್, ಮ್ಯಾಲೊರಿ, ಸಾಮರ್‌ವೆಲ್ ಮೂವರಿಗೂ ಮೈ ನೆಟ್ಟಗಿರಲಿಲ್ಲ. ಸಾಮರ್‌ವೆಲ್‌ಗಂತೂ ಬಿಡದ ಕೆಮ್ಮು. ಎರಡು ವರ್ಷದ ಹಿಂದೆ ಏಳು ಮಂದಿ ಸತ್ತ ಇಳಿಜಾರೆಂಬುದು ಮೂವರಿಗೂ ಗೊತ್ತು. ಆದರೂ ಮೇ 24ರಂದು ಹೊರಟರು. ಕೊನೆಯ ಅಪಾಯದ ಭಾಗವನ್ನು ಸಾಮರ್‌ವೆಲ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅಡ್ಡಲಾಗಿ ದಾಟುತ್ತ ಹೋದರು. ಇನ್ನು ಹತ್ತು ಗಜ ಇದೆ ಎನ್ನುವಾಗ ಹಗ್ಗ ಮುಗಿಯಿತು. ಒಬ್ಬೊಬ್ಬರಾಗಿ ಬರಲು ಹೇಳಿದರು. ಇಬ್ಬರು ಬಂದರು. ಉಳಿದಿಬ್ಬರು ಒಟ್ಟಿಗೆ ಹೆಜ್ಜೆಯಿಟ್ಟು ಸಡಿಲ ಹಿಮದೊಂದಿಗೆ ಜಾರಿ ಸ್ವಲ್ಪ ಕೆಳಗೆ ಹೇಗೋ ನಿಂತರು. ಸಾಮರ್‌ವೆಲ್ ಹಗ್ಗವನ್ನು ಸೊಂಟದಿಂದ ಬಿಚ್ಚಿ, ಹಿಮಗೊಡಲಿಯನ್ನು ಹಿಮದೊಳಕ್ಕೆ ಊರಿ ಹಗ್ಗವನ್ನು ಅದಕ್ಕೆ ಸುತ್ತಿ, ಹಗ್ಗದ ತುದಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಚಾಚಿ ಅವರಿಬ್ಬರನ್ನೂ ಕೊರಳಪಟ್ಟಿ ಹಿಡಿದು ಎಳೆದುಕೊಂಡರು. ನಾಲ್ವರೂ ಕೆಳಗೆ ಬಂದರು.

ಈ ಸಾಮರ್‌ವೆಲ್ ವೃತ್ತಿಯಿಂದ ಶಸ್ತ್ರವೈದ್ಯ. 1922ರ ಆ ದುರಂತದ ಬಳಿಕ ದಕ್ಷಿಣ ಭಾರತವನ್ನು ನೋಡಲೆಂದು ಬಂದು, ಅಂದು ತಿರುವಾಂಕೂರಿಗೆ ಸೇರಿದ್ದ, ಇಂದು ಕನ್ಯಾಕುಮಾರಿ ಜಿಲ್ಲೆಯಲ್ಲಿರುವ ನೆಯ್ಯೂರಿನ ಮಿಷನ್ ಆಸ್ಪತ್ರೆಯನ್ನು ಕಂಡರು. ಅಲ್ಲಿ ಕಾದು ನಿಂತಿದ್ದ ರೋಗಿಗಳ ಸಾಲು ನೋಡಿದ ಮೇಲೆ ಲಂಡನ್ನಿನ ವೃತ್ತಿಜೀವನವನ್ನು ಬಿಟ್ಟು ಅಲ್ಲಿಯೇ ದುಡಿಯಲು ನಿಶ್ಚಯಿಸಿದರು. ಎರಡು ದಶಕಗಳಿಗೂ ಹೆಚ್ಚು ಕಾಲ ನೆಯ್ಯೂರಿನಲ್ಲಿ, ಆಮೇಲೆ ವೆಲ್ಲೂರಿನ ವೈದ್ಯಕೀಯ ಕಾಲೇಜಿನಲ್ಲಿ ಸೇವೆ ಸಲ್ಲಿಸಿದರು. ಏಳು ಸಾವುಗಳಿಗೂ ಈ ನಿರ್ಧಾರಕ್ಕೂ ಗಂಟು ಹಾಕುವುದು ಇತಿಹಾಸದ ಶಿಸ್ತಲ್ಲ; ಆದರೆ ಹಾಗೆ ಅನ್ನಿಸುವುದನ್ನು ತಡೆಯಲೂ ಆಗುವುದಿಲ್ಲ.

ಈಗ ಯುರೋಪಿಗೆ ಬರೋಣ. ಹಿಮದ ಪದರಗಳನ್ನು ಗುಂಡಿ ತೋಡಿ ನೋಡುವ, ಅಳೆಯುವ ಶಾಸ್ತ್ರ ಬೆಳೆದದ್ದು 1930ರ ದಶಕದಲ್ಲಿ. ಜರ್ಮನಿಯ ಪೌಲ್ಕೆ, ಇಂಗ್ಲೆಂಡಿನ ಸೆಲಿಗ್‌ಮನ್ ಮುಂತಾದವರು ಹಿಮದ ರಚನೆಯನ್ನು ಕುರಿತು ಬರೆದರು. 1936ರಲ್ಲಿ ಜಪಾನಿನ ನಕಾಯಾ ಪ್ರಯೋಗಶಾಲೆಯೊಳಗೇ ಹಿಮದ ಹರಳನ್ನು ಬೆಳೆಸಿ ತೋರಿಸಿದರು. ಅದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್ ಊರಿನ ಮೇಲಿರುವ ವೈಸ್‌ಫ್ಲೂಯೋಹ್ ಎಂಬಲ್ಲಿ, ಸುಮಾರು 2,660 ಮೀಟರ್ ಎತ್ತರದಲ್ಲಿ, ಹಿಮದ ಅಧ್ಯಯನಕ್ಕೆಂದೇ ಒಂದು ಗುಡಿಸಲು ಎದ್ದಿತು. 1940ರ ದಶಕದ ಆರಂಭದಲ್ಲಿ ಅದು ಪೂರ್ಣ ಪ್ರಮಾಣದ ಸಂಸ್ಥೆಯಾಯಿತು. 1945ರಿಂದ ಹಿಮಕುಸಿತದ ಮುನ್ಸೂಚನೆಗಳನ್ನು ಈ ಸಂಸ್ಥೆ ಪ್ರಕಟಿಸತೊಡಗಿತು. ಅದಕ್ಕೆ ಮೊದಲು ಆ ಕೆಲಸವನ್ನು ಸೈನ್ಯ ತನ್ನವರಿಗಾಗಿ ಮಾಡಿಕೊಳ್ಳುತ್ತಿತ್ತು.

ಸೈನ್ಯಕ್ಕೆ ಏಕೆ ಬೇಕಾಯಿತು ಎಂದರೆ ಮೊದಲ ಮಹಾಯುದ್ಧದ ಅನುಭವ. 1916ರ ಡಿಸೆಂಬರ್ 13ರಂದು ಮಾರ್ಮೊಲಾಡಾ ಪರ್ವತದಲ್ಲಿ ಆಸ್ಟ್ರಿಯಾ-ಹಂಗೇರಿಯ ಸೈನಿಕರು ಮಲಗಿದ್ದ ಕಟ್ಟಡಗಳ ಮೇಲೆ ಹಿಮ ಕುಸಿದು ಇನ್ನೂರೈವತ್ತಕ್ಕೂ ಹೆಚ್ಚು ಮಂದಿ ಸತ್ತರು. ಈ ಜಾಗ ಅಪಾಯದ್ದು, ಬದಲಿಸಿರಿ ಎಂದು ಅಲ್ಲಿಯ ಕ್ಯಾಪ್ಟನ್ ಮೇಲಿನವರಿಗೆ ಮೊದಲೇ ಬರೆದಿದ್ದ, ಮೇಲಿನವರು ಒಪ್ಪಿರಲಿಲ್ಲ. ಇಲ್ಲಿ ಕೊರತೆಯಾದದ್ದು ಅರಿವಲ್ಲ ಎಂಬುದನ್ನು ಓದುಗರು ಗಮನದಲ್ಲಿಡಬೇಕು.

1951ರ ಚಳಿಗಾಲ ಈ ಶಾಸ್ತ್ರಕ್ಕೆ ಕಠಿಣ ಪರೀಕ್ಷೆಯೊಡ್ಡಿತು. ಆಲ್ಪ್ಸ್ ಉದ್ದಕ್ಕೂ ಇನ್ನೂರೈವತ್ತಕ್ಕೂ ಮಿಕ್ಕಿ ಜನ ಸತ್ತರು, ಸ್ವಿಟ್ಜರ್ಲೆಂಡಿನಲ್ಲಿಯೇ 98. ವಾಲ್ಸ್ ಎಂಬ ಒಂದೇ ಹಳ್ಳಿಯಲ್ಲಿ ಜನವರಿ 20ರ ರಾತ್ರಿ 19 ಮಂದಿ. ಆ ಮೇಲೆ ಇಳಿಜಾರುಗಳಲ್ಲಿ ತಡೆಗೋಡೆಗಳೂ, ಎಲ್ಲಿ ಮನೆ ಕಟ್ಟಬಾರದು ಎಂಬ ನಕ್ಷೆಗಳೂ ಬಂದವು. ಅಮೆರಿಕದ ಯೂಟಾ ರಾಜ್ಯದ ಆಲ್ಟಾದಲ್ಲಿ ಮಾಂಟಿ ಆಟ್‌ವಾಟರ್ ಎಂಬ ಮಾಜಿ ಸೈನಿಕ ಸಿಡಿಮದ್ದು, ಫಿರಂಗಿಗಳಿಂದ ಹಿಮವನ್ನು ಬೇಕೆಂದೇ ಕೆಡವುವ ವಿದ್ಯೆಯನ್ನು ರೂಢಿಗೆ ತಂದ. 1968ರಲ್ಲಿ ಹಿಮದಡಿ ಹೂತವನಿಂದ ರೇಡಿಯೊ ಸಂಕೇತ ಹೊರಡಿಸುವ ಸಣ್ಣ ಯಂತ್ರ ಬಂತು. ಹೂತವನನ್ನು ಮೊದಲ ಹತ್ತು ನಿಮಿಷದಲ್ಲಿ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಮೂವರಲ್ಲಿ ಒಬ್ಬ ಬದುಕಿದರೆ ಹೆಚ್ಚು. ಆದ್ದರಿಂದ ಹೊರಗಿನ ಸಹಾಯ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಪಕ್ಕದಲ್ಲಿ ನಡೆಯುತ್ತಿರುವವನ ಕೈಯಲ್ಲಿರುವ ಸಲಿಕೆಯೇ ಆಸರೆ.

1993ರಲ್ಲಿ ಯುರೋಪಿನ ದೇಶಗಳೆಲ್ಲ ಸೇರಿ ಅಪಾಯಕ್ಕೆ ಒಂದರಿಂದ ಐದರವರೆಗಿನ ಮಟ್ಟಗಳನ್ನು ಗೊತ್ತುಮಾಡಿದವು. ಇದರಲ್ಲೊಂದು ಸ್ವಾರಸ್ಯವಿದೆ. ಬೆಟ್ಟದಲ್ಲಿ ಓಡಾಡುವವರು ಹೆಚ್ಚಾಗಿ ಸಾಯುವುದು ನಾಲ್ಕರಲ್ಲೂ ಅಲ್ಲ, ಐದರಲ್ಲೂ ಅಲ್ಲ, ನಡುವಿನ ಮೂರರಲ್ಲಿ. ನಾಲ್ಕು, ಐದು ಎಂದರೆ ಜನ ಮನೆಯಲ್ಲೇ ಉಳಿಯುತ್ತಾರೆ. ಮೂರು ಎಂದರೆ, ನೂರಕ್ಕೆ ಐವತ್ತು ಅಂಕ ಬಂದ ಹುಡುಗನ ಹಾಗೆ, ಪರವಾಗಿಲ್ಲ ಎನ್ನಿಸಿಬಿಡುತ್ತದೆ!

ಹಿಮವನ್ನು ಅರಿತ ಮೇಲೂ ಸಾವು ನಿಲ್ಲಲಿಲ್ಲವಾದ್ದರಿಂದ ಸಂಶೋಧಕರ ಕಣ್ಣು ಹಿಮದಿಂದ ಮನುಷ್ಯನ ಕಡೆ ತಿರುಗಿತು. ವಿನೋದಕ್ಕಾಗಿ ಬೆಟ್ಟಕ್ಕೆ ಹೋದವರನ್ನು ಕೊಂದ ಕುಸಿತಗಳಲ್ಲಿ ಹತ್ತಕ್ಕೆ ಒಂಬತ್ತನ್ನು ಆ ವ್ಯಕ್ತಿಯೋ ಅವನ ಜೊತೆಗಾರರೋ ತಮ್ಮ ಕಾಲ್ತುಳಿತದಿಂದಲೇ ಕೆಡವಿರುತ್ತಾರೆ. ಇಯಾನ್ ಮೆಕ್ಯಾಮನ್ ಎಂಬ ಅಮೆರಿಕದ ಸಂಶೋಧಕ ಇಂಥ 715 ಅವಘಡಗಳನ್ನು ಪರಿಶೀಲಿಸಿ 2004ರಲ್ಲಿ ತನ್ನ ನಿರ್ಣಯಗಳನ್ನು ಮುಂದಿಟ್ಟ. ಅಪಾಯದ ಚಿಹ್ನೆಗಳು ಕಣ್ಣಿಗೆ ಬಿದ್ದಿದ್ದರೂ ಜನ ಮುಂದುವರಿದಿದ್ದರು. ಪರಿಚಿತ ಜಾಗವೆಂಬ ಸಲಿಗೆ, ಹೊರಟದ್ದನ್ನು ಮುಗಿಸಲೇಬೇಕೆಂಬ ಹಟ, ಅವಕಾಶ ಕೈತಪ್ಪುತ್ತದೆಂಬ ಆತುರ, ನಾಯಕನಿಗೆ ಗೊತ್ತಿರುತ್ತದೆಂಬ ಭರವಸೆ, ಬೇರೆಯವರೂ ಹೋಗುತ್ತಿದ್ದಾರಲ್ಲ ಎಂಬ ಸಮಾಧಾನ. ಇದನ್ನು ಓದಿದಾಗ ನನಗೆ ಬೆರಗಾಯಿತು. ಹಲವು ಸಲ ಹತ್ತಿದ್ದ ಇಳಿಜಾರು, ಬಿಡಲಾಗದ ಮೂರನೆಯ ಯತ್ನ, ಕಟ್ಟೇರುತ್ತಿರುವ ಮಳೆಗಾಲ, ಮುಂದಿನ ಹಗ್ಗದಲ್ಲಿ ಸಾಹೇಬರು: 1922ರ ಜೂನ್ 7ರ ಬೆಳಗಿನ ವರದಿಯೇ ಅಲ್ಲವೆ ಅದು?

ಹಿಮಾಲಯಕ್ಕೆ ಈ ಶಾಸ್ತ್ರ ಬಂದದ್ದು ತಡವಾಗಿ. 1937ರ ಜೂನ್‌ನಲ್ಲಿ ನಂಗಾ ಪರ್ಬತದ ಒಂದು ಶಿಬಿರ ರಾತ್ರಿ ಮಲಗಿದ್ದಂತೆಯೇ ಹೂತುಹೋಯಿತು; ಏಳು ಜರ್ಮನರು, ಒಂಬತ್ತು ಶೇರ್ಪಾಗಳು. 1939ರಲ್ಲಿ ಗಢ್ವಾಲದ ಚೌಖಂಬಾದಲ್ಲಿ ಸ್ವಿಸ್ ತಂಡದ ಶಿಬಿರಕ್ಕೆ ಕುಸಿತ ಬಡಿದು ಇಬ್ಬರು ಹಮಾಲರು ಸತ್ತರು. ಆ ತಂಡದ ನಾಯಕ ಆಂಡ್ರೆ ರೋಶ್, ಮುಂದೆ ದಾವೋಸ್ ಸಂಸ್ಥೆಯ ಹೆಸರಾಂತ ತಜ್ಞನಾದವನು. ನಮ್ಮ ದೇಶ ಹಿಮಕುಸಿತದ ಅಧ್ಯಯನಕ್ಕೆಂದು ಮನಾಲಿಯಲ್ಲಿ ಸಂಸ್ಥೆ ತೆರೆದದ್ದು 1969ರಲ್ಲಿ, ರಕ್ಷಣಾ ಸಂಶೋಧನಾ ವಿಭಾಗದ ಅಡಿಯಲ್ಲಿ. 1979ರ ಮಾರ್ಚ್‌ನಲ್ಲಿ ಲಾಹೌಲ್ ಕಣಿವೆಯಲ್ಲಿ ಸಾಲುಸಾಲು ಕುಸಿತಗಳಿಂದ ಇನ್ನೂರಕ್ಕೂ ಹೆಚ್ಚು ಜನ ಮಡಿದರು. 2020ರಲ್ಲಿ ಆ ಸಂಸ್ಥೆಯನ್ನು ಇನ್ನೊಂದರೊಡನೆ ವಿಲೀನಗೊಳಿಸಿ ಚಂಡೀಗಢದಲ್ಲಿ ಈಗಿನ ಸಂಸ್ಥೆಯನ್ನು ರೂಪಿಸಲಾಗಿದೆ. ಹಿಮಕುಸಿತದ ಎಚ್ಚರಿಕೆಗಳು ಅಲ್ಲಿಂದ ಬರುತ್ತವೆ.

ಕನ್ನಡಿಗರಿಗೆ ಹಿಮಕುಸಿತ ಎಂಬುದು ಮನೆಯ ಮಾತಾದದ್ದು 2016ರ ಫೆಬ್ರವರಿಯಲ್ಲಿ. 3ನೆಯ ತಾರೀಖು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಮಂಜಿನ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಆರು ದಿನಗಳ ಮೇಲೆ ಅಗೆಯುತ್ತಿದ್ದವರಿಗೆ ಒಬ್ಬರು ಜೀವಂತ ಸಿಕ್ಕರು: ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಮೇಲೆ ಹೇಳಿದ ಅರ್ಧ ಗಂಟೆಯ ಲೆಕ್ಕವನ್ನು ನೆನೆದರೆ ಅದು ಎಂಥ ಸಂಗತಿ ಎಂಬುದು ತಿಳಿದೀತು. ನಾಡಿಗೆ ನಾಡೇ ಹರಕೆ ಹೊತ್ತಿತು. 11ರಂದು ದೆಹಲಿಯ ಸೈನಿಕ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಈಚೆಗೆ ನಮ್ಮ ಮಕ್ಕಳು ಆಜ್ಞೆಯ ಮೇಲಲ್ಲದೆ ಆಸೆಯ ಮೇಲೆಯೂ ಹಿಮಾಲಯಕ್ಕೆ ಹೋಗುತ್ತಿದ್ದಾರೆ. ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಹುಡುಗ ಹುಡುಗಿಯರು ಕೇದಾರಕಂಠ, ಬ್ರಹ್ಮತಾಲ್ ಎಂದು ಹೊರಡುತ್ತಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೊರಡುವ ಮುನ್ನ ದೂರವಾಣಿ ಮಾಡಿ, "ಸಾರ್, ಹಿಮದ ಬಗ್ಗೆ ಏನಾದರೂ ಹೇಳಿ" ಎಂದಳು. ಸಹ್ಯಾದ್ರಿಯಲ್ಲಿ ಹುಟ್ಟಿದವನಿಗೆ ಜಿಗಣೆ, ಜಾರುಬಂಡೆಗಳ ಬಗ್ಗೆ ಹೇಳಲು ಬರುತ್ತದೆ. ಹಿಮದ ಬಗ್ಗೆ ಓದಿದ್ದನ್ನಷ್ಟೇ ಹೇಳಿದೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಒಂದಡಿ ಹೊಸ ಹಿಮ ಬಿದ್ದಿದ್ದರೆ, ಗಾಳಿ ಹಿಮವನ್ನು ಎತ್ತಿ ಹಾಕುತ್ತಿದ್ದರೆ, ಹೆಜ್ಜೆಯಿಟ್ಟಾಗ ಕಾಲಡಿಯಲ್ಲಿ ಧೊಪ್ಪೆಂದು ಟೊಳ್ಳು ಸದ್ದು ಬಂದು ಬಿರುಕು ಮುಂದಕ್ಕೋಡಿದರೆ, ಆ ಇಳಿಜಾರನ್ನು ಬಿಟ್ಟುಬಿಡಿ. ದಾಟಲೇಬೇಕಾದರೆ ಒಬ್ಬರ ಹಿಂದೆ ಒಬ್ಬರು, ನಡುವೆ ಸಾಕಷ್ಟು ಅಂತರವಿರಲಿ. "ಶುಲ್ಕ ಕಟ್ಟಿಬಿಟ್ಟಿದ್ದೇವಲ್ಲ ಸಾರ್" ಎಂದು ನಕ್ಕಳು. ಮೆಕ್ಯಾಮನ್ ಪಟ್ಟಿಗೆ ಆ ನಗುವನ್ನೂ ಸೇರಿಸಬಹುದು.

2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡ ದ್ರೌಪದಿ ಕಾ ದಂಡಾ ಶಿಖರದ ಬಳಿ ಕುಸಿತಕ್ಕೆ ಸಿಕ್ಕಿತು. ಸತ್ತವರು ಇಪ್ಪತ್ತೇಳಕ್ಕೂ ಹೆಚ್ಚು. ಅವರಲ್ಲಿ ಆ ವರ್ಷವೇ ಎವರೆಸ್ಟ್ ಏರಿ ಬಂದಿದ್ದ ಬೋಧಕಿ ಸವಿತಾ ಕನ್ಸ್ವಾಲ್ ಕೂಡ ಒಬ್ಬರು. 2024ರ ಜೂನ್‌ನಲ್ಲಿ ಸಹಸ್ರತಾಲ್ ಚಾರಣದಲ್ಲಿ ನಮ್ಮ ರಾಜ್ಯದಿಂದ ಹೋದ ತಂಡದ ಒಂಬತ್ತು ಮಂದಿ ತೀರಿಕೊಂಡದ್ದು ಎಲ್ಲರಿಗೂ ನೆನಪಿದೆ. ಅದು ಹಿಮಕುಸಿತವಲ್ಲ, ಹಿಮಗಾಳಿ, ಕೊಂದದ್ದು ಚಳಿ.

ಕೂಲಿಗೆ ಬೆಟ್ಟಕ್ಕೆ ಹೋಗುವವರ ಕಥೆ ಮಾತ್ರ ಹೆಚ್ಚು ಬದಲಾಗಿಲ್ಲ. 2014ರ ಏಪ್ರಿಲ್ 18ರಂದು ಎವರೆಸ್ಟ್‌ನ ಖುಂಬು ಹಿಮಪ್ರಪಾತದಲ್ಲಿ ಮಂಜುಗಡ್ಡೆ ಕಳಚಿ ಬಿದ್ದು ಸತ್ತ ಹದಿನಾರು ಮಂದಿಯೂ ನೇಪಾಳದ ಕೆಲಸಗಾರರು. 2025ರ ಫೆಬ್ರವರಿ 28ರ ಬೆಳಗಿನ ಜಾವ ಬದರೀನಾಥದ ಆಚೆಯ ಮಾಣಾದಲ್ಲಿ ರಸ್ತೆಯ ಹಿಮ ತೆಗೆಯುವ ಕಾರ್ಮಿಕರು ಮಲಗಿದ್ದ ಉಕ್ಕಿನ ಕಂಟೇನರುಗಳ ಮೇಲೆ ಹಿಮ ಕುಸಿಯಿತು. ಆ ಜಿಲ್ಲೆಗೆ ಅಪಾಯವಿದೆಯೆಂದು ಚಂಡೀಗಢದ ಸಂಸ್ಥೆ ಹಿಂದಿನ ಸಂಜೆಯೇ ಎಚ್ಚರಿಸಿತ್ತು. ಕಂಟೇನರುಗಳೊಳಗೆ ಗಾಳಿಗೆ ಜಾಗ ಉಳಿದದ್ದರಿಂದ, ಸೈನಿಕರು ಎರಡು ದಿನ ಬಿಡದೆ ಅಗೆದದ್ದರಿಂದ 46 ಮಂದಿ ಬದುಕಿದರು. ಎಂಟು ಮಂದಿ ಸತ್ತರು. ಹೂತವರು 55 ಎಂದು ಮೊದಲು ಲೆಕ್ಕ ಸಿಕ್ಕಿತ್ತು. ಒಬ್ಬ ಹೇಳದೆ ಕೇಳದೆ ಊರಿಗೆ ಹೋಗಿದ್ದಾನೆಂದು ಆಮೇಲೆ ತಿಳಿದು ಅದು 54 ಆಯಿತು.